ತಗಡಿನ ಕತ್ತಿಗೂ ಕನ್ನಡ ಬೇಕು!

ಬೆಂಗಳೂರಿನ ಕನ್ನಡ ಹುಡುಗರೇ, ಹುಡುಗಿಯರೇ, ಮಳೆಗಾಲ ಬಂತೆಂದರೆ ನೀವು ಬೈಕು ಹತ್ತಿ ಮದ್ದೂರು, ಮಳವಳ್ಳಿ ದಾಟಿ ಬ್ಲಫಿಗೆ ಹೋಗುತ್ತೀರಿ. ಗಗನಚುಕ್ಕಿಯ ಎದುರು ನಿಂತು ಫೋಟೋ ಹೊಡೆದುಕೊಂಡು, ಕಡಲೆಕಾಯಿ ತಿಂದು ವಾಪಸ್ಸು ಬರುತ್ತೀರಿ. 1902ರಲ್ಲೇ ಅಲ್ಲಿ ಕರೆಂಟು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು ಎನ್ನುವುದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಅದೇ ನೀರಿನ ಪಕ್ಕದಲ್ಲಿ ಕತ್ತಿಗೆ ಕತ್ತಿ ಬಡಿದದ್ದು ಎಷ್ಟು ಜನಕ್ಕೆ ಗೊತ್ತು?

ಉಮ್ಮತ್ತೂರಿನ ಪಾಳೆಯಗಾರ ಗಂಗರಾಜ. ಶಿವನಸಮುದ್ರದ ಕೋಟೆ ಅವನ ಕೈಯಲ್ಲಿತ್ತು. ವಿಜಯನಗರಕ್ಕೆ ತಲೆ ಬಾಗಿಸಲಿಲ್ಲ. 1509ರಲ್ಲಿ ಪಟ್ಟಕ್ಕೆ ಬಂದ ಕೃಷ್ಣದೇವರಾಯ ಸುಮಾರು 1510ರಿಂದ 1512ರ ಹೊತ್ತಿಗೆ ದಂಡೆತ್ತಿ ಬಂದು ಕೋಟೆಗೆ ಮುತ್ತಿಗೆ ಹಾಕಿದ. ಸೋತ ಗಂಗರಾಜ ಕಾವೇರಿಯಲ್ಲಿ ಮುಳುಗಿದನಂತೆ. ಯೋಚಿಸಿ ನೋಡಿ. ಒಂದು ಕಡೆ ‘ಕನ್ನಡ ರಾಜ್ಯ ರಮಾರಮಣ’ ಎಂದು ಹೊಗಳಿಸಿಕೊಂಡ ರಾಯ, ಇನ್ನೊಂದು ಕಡೆ ಕನ್ನಡದ ನೆಲದ ಹಟಮಾರಿ ಪಾಳೆಯಗಾರ. ನಡುವೆ ಭೋರ್ಗರೆಯುವ ಕಾವೇರಿ. ಕತ್ತಿ ಕಾಳಗದ ಸಿನಿಮಾಕ್ಕೆ ಇದಕ್ಕಿಂತ ಒಳ್ಳೆಯ ಕ್ಲೈಮ್ಯಾಕ್ಸ್ ಯಾವ ದೇಶದಲ್ಲಿದೆ? ಕೃಷ್ಣದೇವರಾಯನ ಮೇಲೆ ಪಂತುಲು ಅವರು 1970ರಲ್ಲೇ ಚಿತ್ರ ತೆಗೆದರು, ಅಣ್ಣಾವ್ರೇ ರಾಯ. ಗಂಗರಾಜನನ್ನು ನಾಯಕನಾಗಿ ನಿಲ್ಲಿಸಿದ ಚಿತ್ರ ಯಾವುದು? ಗಾಂಧಿನಗರದವರೇ, ಹೇಳಿ!

ಸಿನಿಮಾದ ಕತ್ತಿ ಬರೀ ಬ್ಲಫ್ ಎಂದು ನೀವು ನಗಬಹುದು. ನಿಜ, ಅದಕ್ಕೆ ಅಲಗೇ ಇರುವುದಿಲ್ಲ. ಒಂದು, ಎರಡು, ಮೂರು ಎಂದು ಎಣಿಸಿಕೊಂಡು ಬೀಸುತ್ತಾರೆ. ಠಣ್ ಎನ್ನುವ ಸದ್ದನ್ನು ಆಮೇಲೆ ಸೇರಿಸುತ್ತಾರೆ. ಹಾಗಾದರೆ ನಮ್ಮ ಮೈ ಜುಮ್ಮೆನ್ನುವುದು ಯಾಕೆ? ಮಾತಿನಿಂದ! ಎರಡು ಕತ್ತಿ ಅಡ್ಡಡ್ಡ ಸಿಕ್ಕಿಕೊಂಡು ನಿಂತಾಗ, ಮುಖಕ್ಕೆ ಮುಖ ಬಂದಾಗ, ಹಲ್ಲು ಕಚ್ಚಿ ಆಡುವ ಒಂದು ಮಾತಿದೆಯಲ್ಲ, ಕಾಳಗ ಅಲ್ಲಿರುತ್ತದೆ. ಉಳಿದದ್ದು ಕೈಕಾಲಿನ ಕೆಲಸ.

ಇದು ಗೊತ್ತಾಗಬೇಕಾದರೆ ಮಂಡ್ಯ ಸೀಮೆಯ ಹಳ್ಳಿಯಲ್ಲಿ ಒಂದು ರಾತ್ರಿ ‘ಕುರುಕ್ಷೇತ್ರ’ ನಾಟಕ ನೋಡಬೇಕು. ಮಳವಳ್ಳಿ ಕಡೆಯ ಒಂದು ಊರಿನಲ್ಲಿ ನಾನು ನೋಡಿದೆ. ಹಗಲು ಕಬ್ಬು ಕಡಿದವನು ರಾತ್ರಿ ದುರ್ಯೋಧನ. ಬಾಡಿಗೆಗೆ ತಂದ ಕಿರೀಟ, ಬಾಡಿಗೆಗೆ ತಂದ ತಗಡಿನ ಕತ್ತಿ. ಬೀಸಿದ ರಭಸಕ್ಕೆ ಕತ್ತಿ ಬಾಗಿಯೇ ಹೋಯಿತು. ಮೊಣಕಾಲಿಗೆ ಒತ್ತಿ ನೆಟ್ಟಗೆ ಮಾಡಿಕೊಂಡ, ಮಾತು ಮಾತ್ರ ನಿಲ್ಲಿಸಲಿಲ್ಲ. ಒಬ್ಬರೂ ನಗಲಿಲ್ಲ. ಹಾರ್ಮೋನಿಯಂ ಹಿಡಿದ ಡ್ರಾಮಾ ಮೇಷ್ಟ್ರು ಕಲಿಸಿದ್ದು ಅದನ್ನೇ: ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ ಏಟು ಬೀಳಬೇಕು.

ನಮ್ಮ ಸಿನಿಮಾದ ಕತ್ತಿ ಬಂದದ್ದು ಈ ರಂಗದ ಮೇಲಿಂದಲೇ. ರಾಜಕುಮಾರ್ ಗುಬ್ಬಿ ಕಂಪನಿಯ ಅನ್ನ ಉಂಡವರು. ಮದರಾಸಿನಲ್ಲಿ ಕನ್ನಡ ಕಲಾವಿದರ ಹೊಟ್ಟೆಗೇ ಕಷ್ಟವಾದಾಗ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸಂಘ ಕಟ್ಟಿ, ನಾಟಕ ಆಡಿ, 1960ರಲ್ಲಿ ‘ರಣಧೀರ ಕಂಠೀರವ’ ಎತ್ತಿ ನಿಲ್ಲಿಸಿದರು. ಸಾಹುಕಾರರು ಮಾಡಿದ ಚಿತ್ರವಲ್ಲ, ಸ್ವಾಮಿ! ಮರುವರ್ಷ ‘ಕಿತ್ತೂರು ಚೆನ್ನಮ್ಮ’, ಬಿ. ಸರೋಜಾದೇವಿಯ ಕೈಯಲ್ಲಿ ಕತ್ತಿ. 1975ರಲ್ಲಿ ‘ಮಯೂರ’. ದರ್ಭೆ ಹಿಡಿದ ಕೈ ಕತ್ತಿ ಹಿಡಿಯಿತು ಎಂದು ತಾಳಗುಂದದ ಶಾಸನವೇ ಹೇಳುವ ಕದಂಬರ ಕಥೆ ಅದು. ಅಣ್ಣಾವ್ರ ಬಾಯಲ್ಲಿ ಪಲ್ಲವರಿಗೆ ಉತ್ತರ ಕೊಟ್ಟದ್ದು ಕತ್ತಿಯೋ ಕನ್ನಡವೋ?

ಕನ್ನಡದಲ್ಲಿ ತೆಗೆದರೆ ಮಾರುಕಟ್ಟೆ ಇಲ್ಲ ಎಂದು ಗೋಳಾಡುವವರು ಜಪಾನಿನ ಕಡೆ ನೋಡಲಿ. ಕುರೊಸಾವಾ 1954ರಲ್ಲಿ ‘ಸೆವೆನ್ ಸಮುರಾಯ್’ ತೆಗೆದ. ಕತ್ತಿ ತಿದ್ದಲು ಹಳೆಯ ಗುರುಮನೆಯ ಸುಗಿನೊ ಎಂಬ ಮೇಷ್ಟ್ರನ್ನು ಕರೆಸಿದ. ಪಾತ್ರಗಳು ಆಡಿದ್ದು ಜಪಾನೀ ಭಾಷೆ. ಪ್ರಪಂಚ ಬಾಯಿ ಮುಚ್ಚಿಕೊಂಡು ಕೆಳಗಿನ ಅಕ್ಷರ ಓದಿತು!

ನಾವು ಮಾಡಿದ್ದೇನು? 1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪುವಿನ ಕತ್ತಿಯ ಧಾರಾವಾಹಿ ಚಿತ್ರೀಕರಣ ನಡೆಯುವಾಗ ಬೆಂಕಿ ಬಿತ್ತು. 62 ಜನ ಸುಟ್ಟು ಸತ್ತರು. ನೆಲ ನಮ್ಮದು, ಕಥೆ ನಮ್ಮದು, ಬೂದಿಯೂ ನಮ್ಮ ಮೈಸೂರಿನದು. ಟಿಪ್ಪು ಮಾತ್ರ ದೂರದರ್ಶನದಲ್ಲಿ ಹಿಂದಿ ಮಾತಾಡಿದ.

ಇನ್ನು ಬಾಹುಬಲಿ. 2015ರಲ್ಲಿ ಬಂದಾಗ ಬೆಂಗಳೂರಿನ ಕನ್ನಡದ ಹುಡುಗರು ತೆಲುಗಿನಲ್ಲಿ ಶಿಳ್ಳೆ ಹೊಡೆದರು. ತೆಗೆದ ರಾಜಮೌಳಿ ಹುಟ್ಟಿದ್ದು ನಮ್ಮ ರಾಯಚೂರು ಜಿಲ್ಲೆಯಲ್ಲೇ! ಅವರನ್ನು ಬಯ್ಯುವುದಿಲ್ಲ. ತಮ್ಮ ಭಾಷೆಗೆ ದುಡಿದರು, ಗೆದ್ದರು. ಡಬ್ಬಿಂಗಿನ ಬಾಗಿಲೂ ಆಮೇಲೆ ತೆರೆಯಿತು: 2019ರಲ್ಲಿ ‘ಸೈರಾ’, 2022ರಲ್ಲಿ ‘ಆರ್‌ಆರ್‌ಆರ್’ ಕನ್ನಡದಲ್ಲೇ ಮಾತಾಡಿದವು. ತೆಲುಗಿಗಿಂತ ಕನ್ನಡದಲ್ಲಿ ನೋಡುವುದು ಮೇಲು, ಒಪ್ಪುತ್ತೇನೆ. ಆದರೆ ಆ ಕಾಳಗ ನೋಡುವಾಗ ತುಟಿಯನ್ನು ಗಮನಿಸಿ. ಕನ್ನಡದ ಮಾತನ್ನು ಕತ್ತರಿಸಿ, ಎಳೆದು, ಇನ್ನೊಂದು ಭಾಷೆಯ ಬಾಯಿ ಮುಚ್ಚುವ ಹೊತ್ತಿಗೆ ತುರುಕಿರುತ್ತಾರೆ. ಏಟು ಅವರ ಉಸಿರಿಗೆ ಬೀಳುತ್ತದೆ, ಮಾತು ನಮ್ಮದಾಗಿರುತ್ತದೆ. ಎರಡೂ ಒಂದಾಗುವುದೇ ಇಲ್ಲ. ಡಬ್ಬಿಂಗಿಗೆ ಬಾಗಿಲು ತೆರೆದ ನಾವು ಸ್ವಂತ ಕತ್ತಿಯನ್ನು ಅಟ್ಟಕ್ಕೆ ಎಸೆಯಬೇಕೇ?

ಜನ ನೋಡುವುದಿಲ್ಲ ಎಂಬ ಮಾತು ಹಸಿ ಸುಳ್ಳು. 2012ರಲ್ಲಿ ‘ಸಂಗೊಳ್ಳಿ ರಾಯಣ್ಣ’ನಿಗೆ ಸಾಲು ನಿಂತದ್ದು ನೀವೇ ಅಲ್ಲವೇ? ಸೋಮಾರಿತನ ಇರುವುದು ಗಾಂಧಿನಗರದಲ್ಲಿ. ಫೈಟ್ ಮಾಸ್ಟರನ್ನು ಹೊರಗಿನಿಂದ ಕರೆಸುತ್ತಾರೆ, ಆಗಲಿ. ಮಂಡ್ಯದ ಹಳ್ಳಿಯಲ್ಲಿ ಉಸಿರಿಗೆ ಸರಿಯಾಗಿ ಏಟು ಬೀಳಿಸುವವನನ್ನು ಒಂದು ದಿನವಾದರೂ ಕರೆದು ಕೇಳಿದ್ದಾರೆಯೇ?

ಈ ಸಲ ಬ್ಲಫಿಗೆ ಹೋದರೆ ಸಂಜೆಗೇ ಬೈಕು ತಿರುಗಿಸಬೇಡಿ. ಸುತ್ತಲ ಯಾವ ಊರಲ್ಲಿ ನಾಟಕವಿದೆ ಎಂದು ಟೀ ಅಂಗಡಿಯಲ್ಲಿ ಕೇಳಿ. ಬೆಳಗಿನವರೆಗೂ ಕೂತು ನೋಡಿ. ದುರ್ಯೋಧನ ಯಾರು, ಭೀಮ ಯಾರು, ಮೇಷ್ಟ್ರು ಯಾರು ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಹೊಸ ಐತಿಹಾಸಿಕ ಚಿತ್ರ ಎಂದು ಗಾಂಧಿನಗರದಲ್ಲಿ ಯಾರಾದರೂ ಮುಹೂರ್ತ ಇಟ್ಟ ದಿನ, ಹತ್ತು ಜನ ಒಟ್ಟಾಗಿ ಹೋಗಿ ಆ ಚೀಟಿಯನ್ನು ಅವರ ಕೈಗೆ ಕೊಡಿ. ಗಂಗರಾಜನ ಹೆಸರನ್ನು ಎಲ್ಲಕ್ಕಿಂತ ಮೇಲೆ ಬರೆದಿರಿ.