ಗುಳಿಗೆಯ ಹೆಸರು ನೆನಪಿಡೋಣ

‘ನನಗ ಈ ಗುಳಿಗಿ ಭಾಳ ಆರಾಮ ಆತು, ನೀನೂ ಎರಡು ತಗೋ.’ ನಮ್ಮ ರಬಕವಿ-ಬನಹಟ್ಟಿಯ ಮಗ್ಗದ ಓಣಿಗಳಲ್ಲಿ ಈ ಮಾತು ದಿನವೂ ಕಿವಿಗೆ ಬೀಳುತ್ತದೆ. ಸೊಂಟ ನೋವಿಗೆ ಒಬ್ಬರ ಗುಳಿಗೆ ಇನ್ನೊಬ್ಬರ ಕಿಸೆ ಸೇರುತ್ತದೆ. ಡಿ.ಫಾರ್ಮ ಓದುತ್ತಿದ್ದ ನನಗೂ ಅದರಲ್ಲಿ ದೊಡ್ಡ ತಪ್ಪೇನೂ ಕಂಡಿರಲಿಲ್ಲ, ನಮ್ಮ ಕಾಕಾ ಆಸ್ಪತ್ರೆ ಸೇರುವ ತನಕ.

ಕಾಕಾಗೆ ಮುಖದ ನರದ ನೋವು. ಮೊದಲ ಸಲ ಮುಧೋಳದಲ್ಲಿ ತೋರಿಸಿದಾಗ ಕೊಟ್ಟ ಗುಳಿಗೆ ನುಂಗಿ ಕೆಲವು ದಿನಕ್ಕೆ ಮೈತುಂಬ ಗಂದೆ ಎದ್ದವು. ‘ಪಿತ್ತ ಆಗಿರಬೇಕು’ ಎಂದು ಗುಳಿಗೆ ಬಿಟ್ಟರು. ಚೀಟಿ ಎಲ್ಲೋ ಕಳೆಯಿತು. ಮೂರು ವರ್ಷದ ಮೇಲೆ ನೋವು ಮರಳಿದಾಗ ಬೇರೆ ವೈದ್ಯರ ಬಳಿ ಹೋದೆವು. ಹಳೆಯ ಗಂದೆಯ ಸುದ್ದಿ ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಅಂಗಡಿಯಿಂದ ಗುಳಿಗೆ ತಂದುಕೊಟ್ಟವನು ನಾನೇ. ಮೂರೇ ದಿನದಲ್ಲಿ ಬಾಯಿ, ಕಣ್ಣು ಹುಣ್ಣಾಗಿ ಚರ್ಮ ಸುಲಿಯತೊಡಗಿತು. 18 ದಿನ ಆಸ್ಪತ್ರೆಯಲ್ಲಿದ್ದು ಕಾಕಾ ಉಳಿದರು. ಆಮೇಲೆ ಕಾಕಿಯ ಡಬ್ಬಿಯಲ್ಲಿ ಹಳೆಯ ಗುಳಿಗೆಯ ಖಾಲಿ ಪಟ್ಟಿ ಸಿಕ್ಕಿತು. ಕಂಪನಿಯ ಹೆಸರು ಬೇರೆ, ಒಳಗಿನ ಔಷಧ ಒಂದೇ: ಕಾರ್ಬಮಜೆಪಿನ್.

ಸಾವಿರಾರು ಜನ ಸುಖವಾಗಿ ನುಂಗುವ ಗುಳಿಗೆ ಕಾಕಾಗೆ ಮಾತ್ರ ವಿಷವಾದದ್ದೇಕೆ? ಉತ್ತರ ಹುಡುಕುತ್ತ ನಾನು ಓದತೊಡಗಿದೆ. ಈ ಸ್ಥಿತಿಗೆ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಎನ್ನುತ್ತಾರೆ. 2004ರಲ್ಲಿ ತೈವಾನಿನ ಸಂಶೋಧಕರು ಈ ಔಷಧದಿಂದ ಹೀಗಾದ 44 ರೋಗಿಗಳನ್ನು ಪರೀಕ್ಷಿಸಿದಾಗ ಅಷ್ಟೂ ಜನರಲ್ಲಿ ಎಚ್‌ಎಲ್‌ಎ-ಬಿ*15:02 ಎಂಬ ಜೀನ್ ರೂಪ ಸಿಕ್ಕಿತು. ಅದು ಇರುವವರ ದೇಹದಲ್ಲಿ ಔಷಧ ಸೇರಿದಾಗ ರೋಗನಿರೋಧಕ ಕಣಗಳು ಸ್ವಂತ ಚರ್ಮವನ್ನೇ ಶತ್ರುವೆಂದು ತಿಳಿಯಬಹುದು. ಅಲ್ಲಿಗೇ ಅವರು ನಿಲ್ಲಲಿಲ್ಲ. 4,877 ಜನರಿಗೆ ಮೊದಲೇ ಜೀನ್ ಪರೀಕ್ಷೆ ಮಾಡಿ, ಆ ರೂಪ ಇದ್ದವರಿಗೆ ಈ ಔಷಧ ಬೇಡವೆಂದರು. ಅಷ್ಟು ಜನರಲ್ಲಿ ಒಬ್ಬರಿಗೂ ಚರ್ಮ ಸುಲಿಯಲಿಲ್ಲ. 2011ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ನಮ್ಮ ದೇಶದಲ್ಲೂ ಈ ಕೆಲಸ ನಡೆದಿದೆ. 2009ರಲ್ಲಿ ಪ್ರಕಟವಾದ ಗುಜರಾತಿನ ಸಣ್ಣ ಅಧ್ಯಯನವೊಂದರಲ್ಲಿ ಇಂಥ 8 ರೋಗಿಗಳ ಪೈಕಿ 6 ಜನರಲ್ಲಿ ಅದೇ ಜೀನ್ ರೂಪ ಕಂಡಿತ್ತು. ಪುದುಚೇರಿಯ ಜಿಪ್ಮರ್‌ನಲ್ಲಿ ಡಾ. ಸಿ. ಆದಿತನ್ ಮತ್ತು ಸಂಗಡಿಗರು ತಮಿಳರು, ತೆಲುಗರು, ಮಲಯಾಳಿಗಳ ಜೊತೆ ಕನ್ನಡಿಗರ ಜೀನ್‌ಗಳನ್ನೂ ಪರೀಕ್ಷಿಸಿದರು. ಅವರು ನೋಡಿದ್ದು ಔಷಧವನ್ನು ಅರಗಿಸುವ ಯಕೃತ್ತಿನ ಕಿಣ್ವಗಳ ಜೀನ್‌ಗಳನ್ನು. ಅವುಗಳಲ್ಲಿ ಸಿವೈಪಿ2ಸಿ19 ಒಂದು. ಹೃದಯಕ್ಕೆ ಸ್ಟೆಂಟ್ ಹಾಕಿದವರಿಗೆ ಕೊಡುವ ಕ್ಲೊಪಿಡೋಗ್ರೆಲ್ ಗುಳಿಗೆ ಕೆಲಸ ಮಾಡಬೇಕಾದರೆ ಈ ಕಿಣ್ವ ಚುರುಕಾಗಿರಬೇಕು. ಇದರ ದುರ್ಬಲ ರೂಪ ದಕ್ಷಿಣ ಭಾರತೀಯರ ಜೀನ್ ಪ್ರತಿಗಳಲ್ಲಿ ಸುಮಾರು ಮೂರರಲ್ಲಿ ಒಂದರಷ್ಟಿದೆ. ಯುರೋಪಿನವರಲ್ಲಿ ಹೆಚ್ಚುಕಡಿಮೆ ಅದರ ಅರ್ಧ. ಅಲ್ಲಿಯ ಜನರ ಮೇಲೆ ನಿಗದಿಯಾದ ಲೆಕ್ಕ ಇಲ್ಲಿಯೂ ಹಾಗೆಯೇ ಹೊಂದುತ್ತದೆ ಎಂದು ನಂಬುವುದು ಹೇಗೆ?

ಹಾಗೆಂದು ಜಾತಿ, ಊರು ನೋಡಿ ಗುಳಿಗೆ ಕೊಡಲಾಗದು. ಒಂದೇ ಮನೆಯ ಅಣ್ಣತಮ್ಮಂದಿರಲ್ಲೇ ಜೀನ್‌ಗಳು ಬೇರೆಯಾಗಿರುತ್ತವೆ. ಕಾಕಾನ ಜೀನ್ ಪರೀಕ್ಷೆಯೂ ಆಗಿಲ್ಲ; ಆ ರೂಪ ಇಲ್ಲದವರಿಗೂ ಹೀಗಾಗಬಹುದು. ಆದರೆ ಗಂದೆ ಎದ್ದ ದಿನವೇ ಔಷಧದ ಹೆಸರು ಬರೆದಿಟ್ಟಿದ್ದರೆ ಎರಡನೇ ಸಲದ ಸಂಕಟ ತಪ್ಪುತ್ತಿತ್ತು. ಅದಕ್ಕೆ ಯಾವ ಪ್ರಯೋಗಾಲಯವೂ ಬೇಕಿರಲಿಲ್ಲ.

ಅಪಾಯ ಹೆಚ್ಚಿರುವ ಕೆಲವು ಔಷಧಗಳಿಗಾದರೂ ಜೀನ್ ಪರೀಕ್ಷೆ ಸರಕಾರಿ ಆಸ್ಪತ್ರೆಗಳಲ್ಲಿ ಬಡವರಿಗೂ ಸಿಗುವಂತಾಗಬೇಕು. ಜಮಖಂಡಿ, ಬೀಳಗಿಯ ರೋಗಿಯ ರಕ್ತದ ಮಾದರಿ ದೂರದ ಪ್ರಯೋಗಾಲಯಕ್ಕೆ ಹೋಗಿ ವರದಿ ಮರಳಿ ಬರುವುದು ಇಂದು ಅಸಾಧ್ಯವೇನಲ್ಲ. ಅಲ್ಲಿಯವರೆಗೆ ಓದಿದ ನಾವು ಮಾಡಬಹುದಾದ ಕೆಲಸವಿದೆ. ಮನೆಯಲ್ಲಿ ಯಾರಿಗೆ ಯಾವ ಔಷಧ ಆಗಿಬರಲಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದಿಡೋಣ. ಕಂಪನಿಯ ಹೆಸರಿನ ಜೊತೆ ಒಳಗಿನ ಔಷಧದ ಹೆಸರನ್ನೂ ಬರೆಯೋಣ. ಅಡ್ಡಪರಿಣಾಮ ಕಂಡರೆ ವೈದ್ಯರಿಗೆ ತೋರಿಸಿ, ಭಾರತದ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೂ ತಿಳಿಸೋಣ. ವೈದ್ಯರಷ್ಟೇ ಅಲ್ಲ, ಯಾರೂ ತಿಳಿಸಬಹುದು. ವಿಜ್ಞಾನ ಓದುತ್ತಿರುವ ಗೆಳೆಯರೇ, ಜೀವಶಾಸ್ತ್ರ, ಅಂಕಿಸಂಖ್ಯೆ, ಕಂಪ್ಯೂಟರ್ ಮೂರೂ ಬೇಕಾದ ಈ ಕ್ಷೇತ್ರದಲ್ಲಿ ನಮ್ಮವರ ಬಗ್ಗೆ ತಿಳಿಯಬೇಕಾದದ್ದು ಇನ್ನೂ ಬೇಕಾದಷ್ಟಿದೆ.

ಕಾಕಾ ಈಗ ಮತ್ತೆ ಮಗ್ಗದ ಮುಂದಿದ್ದಾರೆ. ಅವರ ಅಂಗಿಯ ಕಿಸೆಯಲ್ಲಿ ನಾನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದುಕೊಟ್ಟ ಚೀಟಿ ಇದೆ: ‘ಕಾರ್ಬಮಜೆಪಿನ್ ಕೊಡಬೇಡಿ.’ ಯಾರಾದರೂ ಗುಳಿಗೆ ಕೊಡಬಂದರೆ ಮೊದಲು ಆ ಚೀಟಿ ತೆಗೆಯುತ್ತಾರೆ.