ಹೊಸ ಕಂಪ್ಯೂಟರ್ ಬೇಕಾ, ಹಳೇದರ ರಿಪೇರಿ ಸಾಕಾ?



ನಮ್ಮ ಶಾಲೆಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಅದು ಆನ್ ಆಗುವಷ್ಟರಲ್ಲಿ ಅರ್ಧ ಪೀರಿಯಡ್ ಮುಗಿದಿರುತ್ತೆ. ಅದಕ್ಕೇ ಈಗ ಬಟ್ಟೆ ಹೊದಿಸಿ ಆಫೀಸ್ ರೂಮಿನಲ್ಲಿ ಇಟ್ಟಿದ್ದಾರೆ. ಕೆಲವರು ಗುಜರಿಗೆ ಹಾಕಿ ಹೊಸದು ತರೋಣ ಅಂತಾರೆ. ನನ್ನ ಅಭಿಪ್ರಾಯ ಏನೆಂದರೆ, ಮೊದಲು ರಿಪೇರಿ ಮಾಡಿಸಬೇಕು. ಆಗದಿದ್ದರೆ ಮಾತ್ರ ಹೊಸದು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ?

ತಾಲ್ಲೂಕಿನಲ್ಲಿ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮ ಮಾವನನ್ನು ಕೇಳಿ ತಿಳಿದುಕೊಂಡ ವಿಷಯಗಳು ಇವು.

ಒಂದನೆಯದಾಗಿ, ರೋಗ ಯಾವುದು ಅಂತ ನೋಡಬೇಕು. ಹಳೇ ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗುತ್ತೆ, ಮುಳ್ಳಿನಂಥದ್ದು ಓಡಾಡಿ ಮಾಹಿತಿ ಹುಡುಕುತ್ತೆ. ಅದಕ್ಕೇ ತಡ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಬೇಗ ಕೆಲಸ ಆಗುತ್ತೆ. ರ್‍ಯಾಮ್ ಅಂದರೆ ನಮ್ಮ ಡೆಸ್ಕ್ ಇದ್ದ ಹಾಗೆ. ಚಿಕ್ಕದಾದರೆ ಒಂದು ಪುಸ್ತಕ ಎತ್ತಿಟ್ಟು ಇನ್ನೊಂದು ತೆಗೆಯಬೇಕು. ನಮ್ಮದರಲ್ಲಿ ಇರುವುದು 2 ಜಿಬಿ, 8 ಜಿಬಿ ಮಾಡಿಸಿದರೆ ಸಾಕು. ಆದರೆ ಡಿಡಿಆರ್ 3 ಜಾಗದಲ್ಲಿ ಡಿಡಿಆರ್ 4 ಕೂರುವುದಿಲ್ಲ, ಬಿಚ್ಚಿ ನೋಡಿಯೇ ತರಬೇಕು. ದಿನಾ ತಾರೀಖು ಹಿಂದಕ್ಕೆ ಹೋಗುವುದು ದೊಡ್ಡ ರೋಗವಲ್ಲ. ಒಳಗಿರುವ ಸಿಆರ್ 2032 ಎಂಬ ಗುಂಡಿ ಬ್ಯಾಟರಿ ಮುಗಿದಿರುತ್ತೆ, ಅಷ್ಟೇ.

ಎರಡನೆಯದಾಗಿ, ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಅದು ಹಳೇ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಹಾಗಂತ ಎಸೆಯಬೇಕಾಗಿಲ್ಲ. ಲಿನಕ್ಸ್ ಬಿಟ್ಟಿ ಸಿಗುತ್ತೆ, ಅದರಲ್ಲಿ ಕನ್ನಡವನ್ನೂ ಟೈಪ್ ಮಾಡಬಹುದು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಅದರಲ್ಲೇ ಕಲಿಸುತ್ತಾರೆ.

ಮೂರನೆಯದಾಗಿ, ಗುಜರಿಗೆ ಹಾಕಿದರೆ ಅದು ಮಾಯ ಆಗಲ್ಲ. ಹಳೇ ಬೋರ್ಡಿನ ಬೆಸುಗೆಯಲ್ಲಿ, ದಪ್ಪ ಮಾನಿಟರಿನ ಗಾಜಿನಲ್ಲಿ ಸೀಸ ಇರುತ್ತೆ. ಸುಟ್ಟರೆ ವಿಷ.

ಹೊಸದು ತಂದರೆ ಐದಾರು ವರ್ಷ ಚಿಂತೆ ಇಲ್ಲ ಅನ್ನುವವರ ಮಾತೂ ಸುಳ್ಳಲ್ಲ. ಮದರ್‌ಬೋರ್ಡೇ ಸುಟ್ಟಿದ್ದರೆ ಅಥವಾ ರಿಪೇರಿ ಖರ್ಚು ಹೊಸದರ ಅರ್ಧ ದಾಟಿದರೆ ಹೊಸದೇ ವಾಸಿ. ಅದಕ್ಕೇ ಎರಡು ಅಂಗಡಿಯಲ್ಲಿ ಬೆಲೆ ಬರೆಸಿಕೊಂಡು ಬರಬೇಕು. ಈಗ ಹಾಕಿಸಿದ ಎಸ್‌ಎಸ್‌ಡಿಯನ್ನು ಮುಂದೆ ಬಿಚ್ಚಿ ಬೇರೆ ಕಂಪ್ಯೂಟರಿಗೂ ಹಾಕಬಹುದು, ದುಡ್ಡು ದಂಡವಲ್ಲ.

ಇನ್ನೊಂದು ಮಾತು, ಗುರುಗಳು ತಪ್ಪು ತಿಳಿಯಬಾರದು. ಹೊಸದು ಬಂದರೆ ಮಕ್ಕಳು ಕೆಡಿಸುತ್ತಾರೆ ಅಂತ ಬೀಗ ಬೀಳುತ್ತೆ. ಹಳೇದನ್ನು ಮುಟ್ಟಿ ಕಲಿಯಲು ಅಂಥ ಹೆದರಿಕೆ ಇಲ್ಲ. ಅಲ್ಲದೆ ಹೊಸದಕ್ಕೆ ದುಡ್ಡು ಯಾವಾಗ ಬರುತ್ತೋ ಗೊತ್ತಿಲ್ಲ. ನಾವು ಏಳನೇ ತರಗತಿಯವರು ಪರೀಕ್ಷೆ ಮುಗಿಸಿ ಬೇರೆ ಊರಿನ ಹೈಸ್ಕೂಲಿಗೆ ಹೋಗುವವರು. ಕಾಯುತ್ತಾ ಕೂತರೆ ನಮ್ಮಲ್ಲಿ ಎಷ್ಟೋ ಜನ ಕೀಬೋರ್ಡ್ ಮುಟ್ಟದೆಯೇ ಶಾಲೆ ಬಿಡುತ್ತೇವೆ.

ಆದ್ದರಿಂದ ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಹಿರಿಯರು ಇದನ್ನು ಮಾತಾಡಬೇಕೆಂದು ಕೇಳಿಕೊಳ್ಳುತ್ತೇನೆ. ಧೂಳು ಒರೆಸುವ ಕೆಲಸ ನಮ್ಮ ತರಗತಿಗೆ ಬಿಡಿ. ನನ್ನ ಮಾತು ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ.

— 7ನೇ ತರಗತಿ ವಿದ್ಯಾರ್ಥಿನಿ