ಒಕ್ಕೂಟ ದಿಲ್ಲಿಯವರ ಸ್ವತ್ತೇನ್ರಿ?

"ಲೋಕಸಭೆ ಸೀಟಿನ ಲೆಕ್ಕ ದಿಲ್ಲಿಯವರು ನೋಡ್ಕೋತಾರ, ಹಳ್ಳಿ ಮಂದಿಗೆ ಏನ್ ತಿಳೀತದ?" ಈ ಮಾತು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತೆ. ಬೇರೆಯವರು ಅಂದ್ರೆ ಇರಲಿ, ನಮ್ಮ ಸಂಪಗಾಂವ ಸೀಮೆಯವರೇ ಹೀಗಂದ್ರೆ ಹೇಗೆ?

ಬೈಲಹೊಂಗಲ, ಕಿತ್ತೂರು ಎಲ್ಲ ಸಂಪಗಾಂವ ತಾಲೂಕು ಅನ್ನಿಸಿಕೊಂಡಿದ್ದ ಕಾಲವೊಂದಿತ್ತು. ಆಗ ನಾವು ಮುಂಬಯಿ ಸರಕಾರದ ಕೆಳಗಿದ್ದೆವು. 1953ರಲ್ಲಿ ನೇಮಕವಾದ ಫಜಲ್ ಅಲಿ ಆಯೋಗ, ರಾಜ್ಯಗಳ ಗಡಿ ಹೇಗಿರಬೇಕು ಅಂತ ಜನರನ್ನೇ ಕೇಳಿತು. ಬಂದ ಮನವಿ, ಪತ್ರಗಳು 1,52,250! ಆಯೋಗದವರು 104 ಊರು ಸುತ್ತಿ 9,000ಕ್ಕೂ ಹೆಚ್ಚು ಜನರ ಮಾತು ಕೇಳಿದರು. 1951ರ ಜನಗಣತಿಯಂತೆ ಆಗ ದೇಶದಲ್ಲಿ ಓದು ಬಲ್ಲವರು ನೂರಕ್ಕೆ ಬರೀ 18 ಮಂದಿ. ಕೊನೆಗೆ ಚಂದಗಡ ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರಂದು ಕನ್ನಡ ನಾಡಿಗೆ ಸೇರಿತು.

ಆಮೇಲೆ? 1976ರಲ್ಲಿ, ತುರ್ತು ಪರಿಸ್ಥಿತಿಯ ಹೊತ್ತಿನಲ್ಲಿ, ಯಾವ ರಾಜ್ಯಕ್ಕೆ ಎಷ್ಟು ಸೀಟು ಅನ್ನೋದನ್ನ 1971ರ ಜನಸಂಖ್ಯೆಗೆ ಕಟ್ಟಿಹಾಕಿದರು. 2001ರ 84ನೇ ತಿದ್ದುಪಡಿ ಅದನ್ನೇ 2026ರ ಆಚೆಗಿನ ಮೊದಲ ಜನಗಣತಿವರೆಗೆ ಮುಂದೂಡಿತು. ಎರಡು ಸಲವೂ ಯಾವ ಗ್ರಾಮಸಭೆಯನ್ನು ಕೇಳಿದರು ಹೇಳಿ! 2024ರ ಚುನಾವಣೆಯಲ್ಲಿ 543ರಲ್ಲಿ ನಮ್ಮವು 28. ಬರೀ ತಲೆ ಎಣಿಸಿ ಹಂಚಿದರೆ, ಕುಟುಂಬ ಯೋಜನೆ ಪಾಲಿಸಿದ ರಾಜ್ಯಗಳ ದನಿಯೇ ತಗ್ಗುತ್ತೆ.

ಕ್ಷೇತ್ರ ಮರುವಿಂಗಡಣೆ ಆಯೋಗ ಜನರ ಆಕ್ಷೇಪಣೆ ಕೇಳುತ್ತಲ್ಲ ಅಂತೀರಾ? ಕೇಳುತ್ತೆ, ಗೆರೆ ಎಲ್ಲಿ ಎಳೀಬೇಕು ಅಂತ. ರಾಜ್ಯದ ಪಾಲೆಷ್ಟು ಅಂತ ಅಲ್ಲ. ಹೊಲ ಹಂಚಿದ ಮೇಲೆ ಬದು ಎಲ್ಲಿ ಹಾಕಲಿ ಅಂತ ತಮ್ಮನನ್ನು ಕೇಳಿದ ಹಾಗಾಯ್ತು!

27 ದೇಶಗಳ ಯುರೋಪ್ ಒಕ್ಕೂಟ ತನ್ನ ಸುಧಾರಣೆಗಾಗಿ 2021ರಲ್ಲಿ 800 ಸಾಮಾನ್ಯ ಪ್ರಜೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಕೂರಿಸಿತು. ಮೂವರಲ್ಲಿ ಒಬ್ಬರು 25ರೊಳಗಿನವರು. 2022ರ ಮೇ ತಿಂಗಳಿಗೆ 49 ಪ್ರಸ್ತಾವ ಸಿದ್ಧವಾದವು. ಎಲ್ಲ ಜಾರಿಯಾಗಲಿಲ್ಲ, ಒಪ್ಪಿದೆ. ಆದರೆ ಪ್ರಜೆ ಹೇಳಿದ್ದು ದಾಖಲಾಯ್ತು.

ನಮ್ಮಲ್ಲಿ ಹೊಸ ಸಭೆ ಕಟ್ಟೋದೂ ಬೇಡ, ಗ್ರಾಮಸಭೆ ಇದೆ. ಸೀಟು ಹಂಚಿಕೆಯ ಮಸೂದೆ ಕನ್ನಡದಲ್ಲಿ ಅಲ್ಲಿ ಓದಲಿ, ನಮ್ಮ ಮಾತು ಬರೆದುಕೊಳ್ಳಲಿ, ಆಮೇಲೆ ಸಂಸತ್ತು ಮತ ಹಾಕಲಿ. ಚರಂಡಿಗೂ ಬೀದಿ ದೀಪಕ್ಕೂ ನಮ್ಮ ಸಹಿ ಬೇಕು, ದೇಶದ ಪಾಲಿಗೆ ಮಾತ್ರ ಬೇಡವಾ?

ನೀವೇನಂತೀರಿ?